ಗೇರ್‌ಬಾಕ್ಸ್ ಹೋಯ್ತು ಅಂದ್ರಾ? ಸ್ವಲ್ಪ ತಾಳಿ!

ಸಿಗ್ನಲ್ ಹಸಿರಾಯಿತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಬರೀ ಅಬ್ಬರಿಸುತ್ತದೆ, ಗಾಡಿ ಮಾತ್ರ ವೇಗ ಹಿಡಿಯೊಲ್ಲ. ಗ್ಯಾರೇಜಿಗೆ ಒಯ್ದರೆ ‘ಗೇರ್‌ಬಾಕ್ಸೇ ಹೋಗಿದೆ ಮೇಡಂ, ಬದಲಾಯಿಸ್ಬೇಕು’ ಎಂಬ ಉತ್ತರ. ದೊಡ್ಡ ಖರ್ಚಿನ ಬಾಬ್ತು. ಕೂಡಲೇ ಹೂಂ ಅನ್ನಬೇಡಿ.

ಬ್ರೆಜಾ, ನೆಕ್ಸಾನ್, ವೆನ್ಯೂನಂಥ ಪುಟ್ಟ ಎಸ್‌ಯುವಿಗಳ ಗೇರ್‌ಬಾಕ್ಸ್, ಚೆನ್ನಾಗಿ ನೋಡಿಕೊಂಡರೆ ಸಾಮಾನ್ಯವಾಗಿ 1.5ರಿಂದ 2 ಲಕ್ಷ ಕಿ.ಮೀ. ಬಾಳಿಕೆ ಬರುತ್ತದೆ. ಅದಕ್ಕೂ ಎಷ್ಟೋ ಮೊದಲೇ ಸವೆಯುವುದು ಕ್ಲಚ್ ಪ್ಲೇಟ್. ಮೇಲೆ ಹೇಳಿದ ಲಕ್ಷಣ ಮ್ಯಾನುಯಲ್ ಗಾಡಿಯಲ್ಲಿ ಹೆಚ್ಚಾಗಿ ಕ್ಲಚ್‌ನದೇ. ಎಎಂಟಿ ಗಾಡಿಯಲ್ಲೂ ಇರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಾಯಿಸುವ ಕೆಲಸವನ್ನು ನಿಮ್ಮ ಬದಲು ಯಂತ್ರ ಮಾಡುತ್ತದೆ, ಅಷ್ಟೆ.

ಒಪ್ಪಿಗೆ ಕೊಡುವ ಮುನ್ನ ಇಷ್ಟು ಮಾಡಿ:

* ಗಾಡಿ ನಿಲ್ಲಿಸುವ ಜಾಗದಲ್ಲಿ ಎಣ್ಣೆ ಕಲೆ ಇದೆಯೇ ನೋಡಿ. ಆಯಿಲ್ ಸೋರಿ ಕಮ್ಮಿಯಾದರೂ ಗೇರ್ ತೊಂದರೆ ಕೊಡುತ್ತದೆ.

* ಆಟೊಮ್ಯಾಟಿಕ್ ಆದರೆ ಸ್ಕ್ಯಾನ್ ಮಾಡಿಸಿ, ರಿಪೋರ್ಟ್ ಕೇಳಿ ಪಡೆಯಿರಿ.

* ವಾರಂಟಿ ಉಳಿದಿದೆಯೇ ನೋಡಿ. ಇನ್ನೊಂದು ಕಡೆ ವಿಚಾರಿಸಿ.

ಬಸಿದ ಆಯಿಲ್‌ನಲ್ಲಿ ಲೋಹದ ಚೂರುಗಳಿದ್ದರೆ, ಗೇರ್ ತಾನಾಗಿಯೇ ಕಳಚಿಕೊಳ್ಳುತ್ತಿದ್ದರೆ ಒಳಗೆ ಪೆಟ್ಟಾಗಿರುವ ಸಾಧ್ಯತೆ ಹೆಚ್ಚು. ಆಗಲೂ ‘ಬಿಚ್ಚಿ ತೋರಿಸಿ’ ಎನ್ನಿ. ಬರೀ ಒಂದು ಬೇರಿಂಗ್ ಬದಲಾಯಿಸಿದರೆ ಸರಿಹೋಗುವುದೂ ಉಂಟು.

ಇನ್ನು ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸ ಬಿಡಿ. ಏರಿನಲ್ಲಿ ಗಾಡಿ ನಿಲ್ಲಿಸಲು ಬ್ರೇಕ್ ಬಳಸಿ. ಕಂಪನಿಯ ಪುಸ್ತಕದಲ್ಲಿ ಹೇಳಿದ ಹೊತ್ತಿಗೆ ಗೇರ್ ಆಯಿಲ್ ಬದಲಾಯಿಸಿ. ಕೇಳಿ ತಿಳಿದುಕೊಳ್ಳಲು ಸಂಕೋಚವೇಕೆ? ಗಾಡಿಯೂ ನಿಮ್ಮದು, ದುಡ್ಡೂ ನಿಮ್ಮದೇ!