ಅಗಲವಾದ ಪಾದಕ್ಕೆ ತಕ್ಕ ಸೈಕಲ್ ಜೋಡು

ಮೆಟ್ಟು ಎಲ್ಲಿ ಕಚ್ಚುವುದೆಂಬುದನ್ನು ಮೆಟ್ಟಿದವನೇ ಬಲ್ಲನೆಂದು ನಮ್ಮ ಹಿರಿಯರು ಹೇಳುತ್ತಿದ್ದರಷ್ಟೆ. ನಡೆಯುವವನ ವಿಷಯದಲ್ಲಿ ಈ ಮಾತು ಸರಿಯೇ. ಆದರೆ ಸೈಕಲ್ಲು ತುಳಿಯುವವನಿಗೆ ಅದು ಕಚ್ಚುವ ಸ್ಥಳವು ಬಹುಕಾಲ ತಿಳಿಯುವುದೇ ಇಲ್ಲ. ಏಕೆಂದರೆ ಅಲ್ಲಿ ಮೊದಲು ಬರುವುದು ನೋವಲ್ಲ, ಜೋಮು. ಕಿರುಬೆರಳು ಎಲ್ಲಿದೆಯೆಂಬ ಅರಿವೇ ತಪ್ಪಿ, ಅನಂತರ ಅಂಗಾಲು ಕೆಂಡದ ಮೇಲಿಟ್ಟಂತೆ ಉರಿಯತೊಡಗುತ್ತದೆ. ಸವಾರನು ತನ್ನ ವಯಸ್ಸನ್ನೋ, ಬಿಸಿಲನ್ನೋ ದೂರುತ್ತಾನೆಯೇ ಹೊರತು ಜೋಡನ್ನು ಶಂಕಿಸುವುದಿಲ್ಲ. ನಾನೂ ಎರಡು ವರ್ಷಗಳ ಕಾಲ ಹಾಗೆಯೇ ದೂರುತ್ತಿದ್ದವನಾದುದರಿಂದ, ನನ್ನಂತೆ ಅಗಲವಾದ ಪಾದಗಳುಳ್ಳ ವಾಚಕರಿಗಾಗಿ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಐವತ್ತು ದಾಟಿದ ಮೇಲೆ ವೈದ್ಯರ ಸಲಹೆಯಂತೆ ನಾನು ಸೈಕಲ್ ಸವಾರಿಯನ್ನು ಮತ್ತೆ ಹಿಡಿದೆನು. ಭಾನುವಾರದ ಮುಂಜಾನೆ ಬೆಂಗಳೂರಿನಿಂದ ನಂದಿ ಬೆಟ್ಟದ ಕಡೆಗೆ ಹೊರಡುವ ಗೆಳೆಯರ ಗುಂಪೊಂದು ದೊರೆಯಿತು. ಅವರೆಲ್ಲರೂ ಪೆಡಲಿಗೆ ಕಚ್ಚಿಕೊಳ್ಳುವ ಗಟ್ಟಿ ಅಟ್ಟೆಯ ಜೋಡುಗಳನ್ನು ತೊಟ್ಟಿದ್ದುದನ್ನು ಕಂಡು ನಾನೂ ಒಂದು ಜೊತೆಯನ್ನು ಕೊಂಡೆನು. ಮೊದಲ ಮೂವತ್ತು ಕಿಲೋಮೀಟರು ಸುಖವಾಗಿಯೇ ಸಾಗುತ್ತಿತ್ತು. ಆಮೇಲೆ ಬಲಗಾಲಿನ ಹೊರಬೆರಳುಗಳು ಸತ್ತಂತಾಗಿ, ದೇವನಹಳ್ಳಿಯ ಆಚೆ ರಸ್ತೆಬದಿಯ ಮೈಲಿಗಲ್ಲೊಂದರ ಮೇಲೆ ಕುಳಿತು, ಜೋಡು ಕಳಚಿ, ಪಾದವನ್ನು ತಿಕ್ಕಿಕೊಳ್ಳುವುದೇ ನನ್ನ ವಾರವಾರದ ವ್ರತವಾಯಿತು. ಹಾದುಹೋಗುವ ಹಾಲಿನವರೂ ನನ್ನ ಗುರುತು ಹಿಡಿಯುವಷ್ಟಾಯಿತು! ಮನೆಯಾಕೆಯು ಇದು ಸಕ್ಕರೆ ಕಾಯಿಲೆಯ ಲಕ್ಷಣವೇ ಸರಿಯೆಂದು ಹೆದರಿ, ಸವಾರಿಯನ್ನು ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸಿದಳು.

ಆಕೆಯ ಭಯವು ಅಕಾರಣವಾದುದಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಮಧುಮೇಹವು ಪಾದದ ನರಗಳನ್ನು ಕೆಡಿಸಿ ಜೋಮನ್ನು ತರುವುದುಂಟು. ಜೋಡು ಕಳಚಿದ ಕೆಲವೇ ನಿಮಿಷಗಳಲ್ಲಿ ಜೋಮು ಬಿಟ್ಟುಹೋಗುವುದಾದರೆ ಸಾಮಾನ್ಯವಾಗಿ ತಪ್ಪು ಜೋಡಿನದು. ರಾತ್ರಿ ಮಲಗಿದಾಗಲೂ, ಎರಡು ಪಾದಗಳಲ್ಲಿಯೂ ಅದು ಉಳಿಯುವುದಾದರೆ ವೈದ್ಯರನ್ನು ಕಾಣತಕ್ಕದ್ದು. ಮಧುಮೇಹವಿರುವವರಂತೂ ಜೋಡು ಹಿಡಿಯುತ್ತದೆಯೋ ಇಲ್ಲವೋ ಎಂಬುದಕ್ಕೆ ಸ್ಪರ್ಶವನ್ನು ಮಾತ್ರ ನಂಬಬಾರದು. ಸವಾರಿಯಿಂದ ಬಂದೊಡನೆ ಪಾದವನ್ನು ಕಣ್ಣಿನಿಂದ ನೋಡಿ, ಕೆಂಪೋ ಗುಳ್ಳೆಯೋ ಎದ್ದಿದೆಯೇ ಎಂದು ಪರೀಕ್ಷಿಸಬೇಕು. ನನ್ನ ರಕ್ತದಲ್ಲಿ ದೋಷವೇನೂ ಕಾಣಲಿಲ್ಲ.

ಜೋಡು ಮಾರಿದ ವರ್ತಕನಲ್ಲಿಗೆ ಹೋದೆನು. ಆತನು ಕ್ಷಣಮಾತ್ರವೂ ಯೋಚಿಸದೆ, “ಎರಡು ನಂಬರು ದೊಡ್ಡದನ್ನು ಹಾಕಿಕೊಳ್ಳಿ” ಎಂದನು. 42ರ ಬದಲು 44ನ್ನು ಕೊಂಡೆನು. ಬೆರಳುಗಳಿಗೆ ಒಂದಿಷ್ಟು ಬಿಡುವು ದೊರೆತುದು ನಿಜ. ಆದರೆ ಹಿಮ್ಮಡಿಯು ಮೇಲಕ್ಕೆದ್ದು ಜಾರತೊಡಗಿ ಗುಳ್ಳೆಯೆದ್ದಿತು. ಪೆಡಲನ್ನು ಕಚ್ಚುವ ಕ್ಲೀಟು ಪಾದದ ಉಬ್ಬಿನ ಕೆಳಗಿರಬೇಕಾದುದು, ಜೋಡು ಉದ್ದವಾದುದರಿಂದ ಬೆರಳುಗಳ ಕೆಳಕ್ಕೆ ಸರಿಯಿತು. ಮೀನಖಂಡವು ನೋಯತೊಡಗಿತು. ಹೀಗೆ ಒಂದು ಕಷ್ಟವನ್ನು ಕಳೆಯಹೋಗಿ ಮೂರನ್ನು ತಂದುಕೊಂಡೆನು.

ಈ ಸಲಹೆಯಲ್ಲಿರುವ ತಪ್ಪು ಲೆಕ್ಕದ ತಪ್ಪು. ಯುರೋಪಿನ ಅಳತೆಯಲ್ಲಿ ಒಂದು ನಂಬರೆಂದರೆ ಒಂದು ಸೆಂಟಿಮೀಟರಿನ ಮೂರರಲ್ಲಿ ಎರಡು ಪಾಲು. ಎರಡು ನಂಬರು ಏರಿದರೆ ಉದ್ದವು ಸುಮಾರು 13 ಮಿಲ್ಲಿಮೀಟರು ಬೆಳೆಯುತ್ತದೆ. ಅಗಲವು ಬೆಳೆಯುವುದು ಅದರ ಒಂದು ಸಣ್ಣ ಪಾಲು ಮಾತ್ರ. ನಂಬರೆಂಬುದು ಉದ್ದವನ್ನು ಹೇಳುತ್ತದೆಯೇ ಹೊರತು ಅಗಲವನ್ನಲ್ಲ. ಅಮೆರಿಕದ ಸಿರಾಕ್ಯೂಸ್ ನಗರದ ಚಾರ್ಲ್ಸ್ ಬ್ರ್ಯಾನಕ್ ಎಂಬವನು 1920ರ ದಶಕದಲ್ಲಿ ನಿರ್ಮಿಸಿದ ಲೋಹದ ಅಳತೆಮಣೆಯು ಪಾದದ ಉದ್ದವನ್ನೂ, ಅಗಲವನ್ನೂ, ಹಿಮ್ಮಡಿಯಿಂದ ಬೆರಳುಬುಡದ ಉಬ್ಬಿನವರೆಗಿನ ದೂರವನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ಆ ದೇಶದಲ್ಲಿ ಅಗಲಕ್ಕೆ ಅಕ್ಷರಗಳಿವೆ: ಪುರುಷರಿಗೆ ‘ಡಿ’ ಎಂಬುದು ಸಾಧಾರಣ, ‘2ಇ’ ಅಗಲ, ‘4ಇ’ ಅತಿ ಅಗಲ. ನಮ್ಮ ಅಂಗಡಿಗಳಲ್ಲಿ ಈ ಅಕ್ಷರಗಳನ್ನು ಕೇಳುವವರೂ ವಿರಳ, ಹೇಳುವವರೂ ವಿರಳ.

ಹಾಗಾದರೆ ನನ್ನ ಪಾದವೇ ವಿಕಾರವೋ ಎಂದು ಒಮ್ಮೆ ಖಿನ್ನನಾಗಿದ್ದೆನು. ಆ ಖೇದವನ್ನು ಕಳೆದುದು ಚೆನ್ನೈ ನಗರದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ಸಮೀಕ್ಷೆ. 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ಭಾರತದ 79 ಸ್ಥಳಗಳಲ್ಲಿ 1,01,880 ಜನರ ಪಾದಗಳನ್ನು ಯಂತ್ರದಿಂದ ಅಳೆಯಲಾಯಿತು. ಭಾರತೀಯರ ಪಾದಗಳು ಯುರೋಪಿಯನರ ಹಾಗೂ ಅಮೆರಿಕನರ ಪಾದಗಳಿಗಿಂತ ಸಾಮಾನ್ಯವಾಗಿ ಅಗಲವಾದುವೆಂದೂ, ಇಕ್ಕಟ್ಟಾದ ಜೋಡುಗಳೇ ದೊರೆಯುವುದರಿಂದ ನಮ್ಮವರು ಬೇಕಾದುದಕ್ಕಿಂತ ಉದ್ದವಾದ ಜೋಡುಗಳನ್ನು ತೊಡುತ್ತಿದ್ದಾರೆಂದೂ ಅದರಿಂದ ತಿಳಿದುಬಂದಿತು. ಇದರ ಆಧಾರದ ಮೇಲೆ ‘ಭ’ ಎಂಬ ಹೆಸರಿನ ಭಾರತೀಯ ಅಳತೆಯ ಕ್ರಮವನ್ನು ಸೂಚಿಸಿರುವುದಾಗಿ 2024ರಲ್ಲಿ ಪತ್ರಿಕೆಗಳು ಪ್ರಕಟಿಸಿದುವು. ಆ ವರ್ತಕನು ನನ್ನೊಬ್ಬನಿಗೆ ಹೇಳಿದ ತಪ್ಪನ್ನು ದೇಶಕ್ಕೆ ದೇಶವೇ ಮಾಡುತ್ತಿರುವುದೆಂದು ತಿಳಿದಾಗ ನನಗೆ ನಗುವೂ ಬಂದಿತು, ಸಮಾಧಾನವೂ ಆಯಿತು.

ಸಾಮಾನ್ಯ ಜೋಡು ಸ್ವಲ್ಪ ಬಿಗಿಯಾದರೂ ತೊಗಲು ಬಾಗಿ, ಹಿಗ್ಗಿ, ಕಾಲಕ್ರಮದಲ್ಲಿ ಪಾದಕ್ಕೆ ಒಗ್ಗುತ್ತದೆ. ಸೈಕಲ್ ಜೋಡಿಗೆ ಈ ದಯೆಯಿಲ್ಲ. ತುಳಿತದ ಬಲವು ಅಟ್ಟೆಯು ಬಾಗುವುದರಲ್ಲಿ ವ್ಯರ್ಥವಾಗಬಾರದೆಂದು ಅದನ್ನು ನೈಲಾನಿನಿಂದಲೋ ಇಂಗಾಲದ ನಾರಿನಿಂದಲೋ ಹಲಗೆಯಂತೆ ಗಟ್ಟಿಯಾಗಿ ಮಾಡುತ್ತಾರೆ. ಹಿಂದಿನ ಪಂದ್ಯಾಳುಗಳು ಮೆತ್ತನೆಯ ತೊಗಲಿನ ಜೋಡು ತೊಟ್ಟು ಪಾದವನ್ನು ಪೆಡಲಿಗೆ ಪಟ್ಟಿಯಿಂದ ಬಿಗಿಯುತ್ತಿದ್ದರು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿಯು, ಹಿಮದ ಮೇಲೆ ಜಾರುವವರ ಪಾದಬಂಧದ ಮಾದರಿಯಲ್ಲಿ, ಜೋಡಿನ ತಳವನ್ನೇ ಕಚ್ಚಿ ಹಿಡಿಯುವ ಪೆಡಲನ್ನು ಹೊರತಂದಿತು. ಮರುವರ್ಷ ಬೆರ್ನಾರ್ ಇನೋ ಎಂಬ ಪ್ರಸಿದ್ಧ ಸವಾರನು ಅದನ್ನು ಬಳಸಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಗೆದ್ದ ಮೇಲೆ ಪಟ್ಟಿಗಳ ಕಾಲ ಕಳೆಯಿತು. ಪಾದವು ಕದಲದಂತೆ ನಿಂತುದರಿಂದ ಲಾಭವುಂಟು, ಆದರೆ ಒತ್ತುವ ಕಡೆಯಲ್ಲಿಯೇ ಒತ್ತುತ್ತಿರುವುದು ಅದರ ಕೇಡು. ನಿಮಿಷಕ್ಕೆ ಎಂಬತ್ತು ಸುತ್ತಿನಂತೆ ತುಳಿದರೆ ಗಂಟೆಗೆ 4,800 ಸಲ ಒಂದೇ ನರದ ಮೇಲೆ ಭಾರ ಬೀಳುತ್ತದೆ. ಬೆರಳುಬುಡದ ಎಲುಬುಗಳ ನಡುವೆ ನರವು ಹೀಗೆ ಹಿಸುಕಲ್ಪಟ್ಟು ದಪ್ಪವಾಗುವ ವ್ಯಾಧಿಯೊಂದಿದೆ. 1876ರಲ್ಲಿ ಅದನ್ನು ವರ್ಣಿಸಿದ ಫಿಲಡೆಲ್ಫಿಯಾದ ಶಸ್ತ್ರವೈದ್ಯ ಮಾರ್ಟನನ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಅದು ಬೇರೂರಿದ ಮೇಲೆ ಜೋಡು ಬದಲಿಸಿದರಷ್ಟೇ ಸಾಲದೆ ಹೋಗಬಹುದು. ಆದುದರಿಂದ ಜೋಮನ್ನು ಸಹಿಸಿಕೊಂಡು ಹೋಗುವುದು ಶೌರ್ಯವಲ್ಲ.

ಇನ್ನು ಅಳೆಯುವ ಬಗೆ. ಸಂಜೆಯ ಹೊತ್ತು ಪಾದವು ಸ್ವಲ್ಪ ಊದಿರುತ್ತದೆ. ಸವಾರಿಯ ಸೆಕೆಯಲ್ಲಿಯೂ ಹಾಗೆಯೇ ಆಗುವುದರಿಂದ ಸಂಜೆಯೇ ಅಳೆಯಬೇಕು. ಸವಾರಿಗೆ ತೊಡುವ ಕಾಲುಚೀಲವನ್ನೇ ತೊಟ್ಟು, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಕಾಗದದ ಮೇಲೆ ಪೂರ್ಣಭಾರವಿಟ್ಟು ನಿಲ್ಲಬೇಕು. ಬೇರೊಬ್ಬರು ಸೀಸದಕಡ್ಡಿಯನ್ನು ನೆಟ್ಟಗೆ ಹಿಡಿದು ಸುತ್ತಲೂ ಗೆರೆಯೆಳೆಯಲಿ; ತಾನೇ ಬಗ್ಗಿ ಬರೆದುಕೊಂಡರೆ ಭಾರವು ಸರಿದು ಅಳತೆ ಕೆಡುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸವನ್ನು ಮಗಳು ಮಾಡಿದಳು. ನನ್ನ ಬಲಪಾದವು 262 ಮಿಲ್ಲಿಮೀಟರು ಉದ್ದ, 109 ಅಗಲ. ಎಡಪಾದವು ಮೂರು ಮಿಲ್ಲಿಮೀಟರು ಕಿರಿದು. ಎರಡು ಪಾದಗಳೂ ಸಮವಾಗಿರುವವರು ಕಡಿಮೆ, ದೊಡ್ಡದನ್ನೇ ಪ್ರಮಾಣವಾಗಿಟ್ಟುಕೊಳ್ಳಬೇಕು. ಅಂಗಡಿಯಲ್ಲಿ ಮಾಡತಕ್ಕ ಇನ್ನೊಂದು ಸುಲಭ ಪರೀಕ್ಷೆಯಿದೆ. ಜೋಡಿನ ಒಳಹಾಸನ್ನು ಹೊರಕ್ಕೆಳೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿರಿ. ಕಿರುಬೆರಳೋ ಉಬ್ಬೋ ಅದರ ಅಂಚನ್ನು ದಾಟಿ ಚೆಲ್ಲಿದರೆ ಆ ಜೋಡು ನಿಮ್ಮದಲ್ಲ. ವರ್ತಕನು ಏನೇ ಹೇಳಲಿ, “ಬಳಸುತ್ತ ಬಳಸುತ್ತ ಹಿಗ್ಗುತ್ತದೆ” ಎಂಬ ಮಾತನ್ನು ನಂಬಬೇಡಿರಿ.

ಅಗಲದ ಜೋಡುಗಳು ಜಗತ್ತಿನಲ್ಲಿ ಇಲ್ಲವೆಂದಲ್ಲ. ಜಪಾನಿನ ಶಿಮಾನೊ ಕಂಪನಿಯು ತನ್ನ ಹಲವು ಜೋಡುಗಳನ್ನು ಸಾಧಾರಣ ಮತ್ತು ಅಗಲ ಎಂಬ ಎರಡು ಬಗೆಗಳಲ್ಲಿ ಮಾಡುತ್ತದೆ. ಇಟಲಿಯ ಜೋಡುಗಳು ಇಕ್ಕಟ್ಟೆಂಬ ಪ್ರತೀತಿ ಸವಾರರಲ್ಲಿದ್ದರೂ, ಅಲ್ಲಿಯ ಸಿಡಿ ಕಂಪನಿಯು ‘ಮೆಗಾ’ ಎಂಬ ಹೆಸರಿನಿಂದ ಅಗಲದ ಮಾದರಿಗಳನ್ನು ಹೊರತಂದಿದೆ. ಲೇಕ್ ಎಂಬ ಹೆಸರಿನ ಜೋಡುಗಳು ಈ ವಿಷಯದಲ್ಲಿ ಬಲು ಉದಾರ. ಆಸ್ಟ್ರೇಲಿಯದ ಬಾಂಟ್ ಜೋಡನ್ನು ಹದವಾಗಿ ಬಿಸಿಮಾಡಿ ಪಾದದ ಆಕಾರಕ್ಕೆ ಒಗ್ಗಿಸಿಕೊಳ್ಳಬಹುದು. ಸ್ತ್ರೀಯರಿಗೆಂದು ಮಾಡುವ ಜೋಡುಗಳ ಅಚ್ಚು ಹೆಚ್ಚಾಗಿ ಇನ್ನೂ ಕಿರಿದು. ಅಗಲಪಾದದ ಸಹೋದರಿಯರು ಅದೇ ಉದ್ದದ ಪುರುಷರ ಜೋಡನ್ನು ಸಂಕೋಚವಿಲ್ಲದೆ ತೊಟ್ಟುನೋಡಬಹುದು. ಆದರೆ ಇವೆಲ್ಲ ನಮ್ಮೂರಿನ ಅಂಗಡಿಯಲ್ಲಿ ಸಾಲಾಗಿ ಇಟ್ಟಿರುವುದಿಲ್ಲ. ತರಿಸಿಕೊಳ್ಳಬೇಕು, ಬೆಲೆಯೂ ಹೆಚ್ಚು. ತರಿಸುವ ಮೊದಲು, ಹಿಡಿಸದಿದ್ದರೆ ಹಿಂದಕ್ಕೆ ಕೊಳ್ಳುವರೋ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇರುವ ಜೋಡನ್ನೇ ಸಹ್ಯಮಾಡಿಕೊಳ್ಳಬೇಕಾದವರು ಕ್ಲೀಟನ್ನು ಹಿಮ್ಮಡಿಯ ಕಡೆಗೆ ಸ್ವಲ್ಪ ಸರಿಸಿ, ಬೆರಳುಗಳ ಬಳಿಯ ಪಟ್ಟಿಯನ್ನು ಸಡಿಲಬಿಟ್ಟು, ಮೇಲಿನ ಪಟ್ಟಿಯಿಂದ ಮಾತ್ರ ಹಿಮ್ಮಡಿಯನ್ನು ಹಿಡಿಸಲಿ. ದಪ್ಪ ಒಳಹಾಸಿಗೆ ಬದಲಾಗಿ ತೆಳುವಾದುದನ್ನು ಇಡಲಿ. ಮೇಲ್ಭಾಗವು ತೊಗಲಿನದಾಗಿದ್ದರೆ ನುರಿತ ಮೋಚಿಯು ಅಚ್ಚಿಟ್ಟು ಕೊಂಚ ಹಿಗ್ಗಿಸಿಕೊಡಬಲ್ಲನು. ಕೃತಕವಸ್ತುವಿನದಾದರೆ ಅವನಿಗೂ ದಾರಿಯಿಲ್ಲ. ಪೇಟೆಗೂ ಕಛೇರಿಗೂ ಹೋಗಿಬರುವಷ್ಟಕ್ಕೆ ಕಚ್ಚುವ ಪೆಡಲೇ ಬೇಡವೆಂಬುದು ನನ್ನ ಅಭಿಪ್ರಾಯ. ಚಪ್ಪಟೆ ಪೆಡಲು, ಗಟ್ಟಿ ತಳದ ಅಗಲವಾದ ಸಾಮಾನ್ಯ ಜೋಡು, ಇಷ್ಟಿದ್ದರೆ ಸಾಕು.

ನಾನು ಕೊನೆಗೆ 42ರ ಅಗಲದ ಜೊತೆಯನ್ನು ತರಿಸಿಕೊಂಡೆನು. ಈಗ ಮೈಲಿಗಲ್ಲಿನ ಬಳಿ ನಿಲ್ಲುವುದು ನೀರು ಕುಡಿಯಲು ಮಾತ್ರ. ಆ 44ರ ಜೋಡು ಅಟ್ಟದ ಮೇಲೆ ಬಿದ್ದಿತ್ತು. ಕಳೆದ ಬೇಸಿಗೆಯಲ್ಲಿ ರಜಕ್ಕೆ ಬಂದ ನನ್ನ ಅಕ್ಕನ ಮಗ, ಬಿದಿರಿನಂತೆ ಬೆಳೆದಿರುವ ಹುಡುಗ, ಅದರೊಳಗೆ ತನ್ನ ಕಿರಿದಾದ ನೀಳಪಾದವನ್ನು ಇಟ್ಟುನೋಡಿ, “ಮಾವ, ಇದು ನನಗಾಗಿಯೇ ಹೊಲಿಸಿದಂತಿದೆಯಲ್ಲ!” ಎಂದು ತೊಟ್ಟುಕೊಂಡೇ ಹೊರಟುಹೋದನು.