ಆ ಬಯಲು ಯಾರದು?

ಜರ್ಮನಿಯ ಹ್ಯಾಂಬರ್ಗ್ ನಗರದ ಬೋರ್ನ್‌ಪ್ಲಾಟ್ಸ್ ಎಂಬಲ್ಲಿ 1906ರಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರವೊಂದು, ಅಂದರೆ ಸಿನಗಾಗ್, ಎದ್ದು ನಿಂತಿತು. ಸುಮಾರು 1200 ಮಂದಿ ಕೂರಬಹುದಾಗಿದ್ದ, ದೂರದಿಂದಲೇ ಕಾಣುವ ಗುಮ್ಮಟದ ಕಟ್ಟಡವದು. ಹಿತ್ತಿಲಲ್ಲಿ ಅಡಗಿ ಕೂರದೆ ಚೌಕದ ನಡುವೆಯೇ ಕಟ್ಟಿದ್ದರಲ್ಲಿ, ನಾವೂ ಈ ಊರಿನವರೇ ಎಂಬ ಭರವಸೆಯಿತ್ತು. ಆ ಭರವಸೆ ಬಾಳಿದ್ದು ಮೂವತ್ತೆರಡು ವರ್ಷ. 1938ರ ನವೆಂಬರ್‌ನಲ್ಲಿ ದೇಶದುದ್ದಕ್ಕೂ ನಡೆದ ನಾಜಿ ದಾಳಿಯಲ್ಲಿ ಮಂದಿರವನ್ನು ಹಾಳುಗೆಡವಲಾಯಿತು. ಮರುವರ್ಷ ಜಾಗವನ್ನು ನಗರಾಡಳಿತಕ್ಕೆ ಮಾರುವಂತೆ ಯಹೂದಿ ಸಮುದಾಯವನ್ನು ಬಲವಂತಪಡಿಸಿದರು. ಕಟ್ಟಡ ಕೆಡವಿದ ಖರ್ಚನ್ನೂ ಅವರ ತಲೆಗೇ ಕಟ್ಟಿದರು. ಮನೆ ಸುಟ್ಟವನೇ ಬೂದಿ ಬಾಚಿದ ಕೂಲಿ ಕೇಳಿದ ಹಾಗೆ. ಪಕ್ಕದಲ್ಲೇ ಯುದ್ಧಕಾಲದ ಬಂಕರ್ ಎದ್ದಿತು. ಊರಿನ ಯಹೂದಿಗಳ ಧರ್ಮಗುರು, ಅಂದರೆ ರಬ್ಬಿ, ಯೋಸೆಫ್ ಕಾರ್ಲೆಬಾಖ್ ಅವರನ್ನು 1941ರ ಡಿಸೆಂಬರ್‌ನಲ್ಲಿ ಲಾಟ್ವಿಯಾದ ರೀಗಾ ಬಳಿಗೆ ಸಾಗಿಸಿ, 1942ರ ಮಾರ್ಚ್‌ನಲ್ಲಿ ಗುಂಡಿಕ್ಕಿ ಕೊಂದರು. ಯುದ್ಧ ಮುಗಿದ ಮೇಲೆ ಮಂದಿರವಿದ್ದ ನೆಲದಲ್ಲಿ ದಶಕಗಟ್ಟಲೆ ಕಾರುಗಳು ನಿಂತಿದ್ದವು.

1988ರಲ್ಲಿ ಕಲಾವಿದೆ ಮಾರ್ಗ್ರಿಟ್ ಕಾಲ್ ಅದೇ ನೆಲದ ಮೇಲೆ, ಮಂದಿರದ ಚಾವಣಿಯ ಕಮಾನುಗಳ ಗೆರೆಗಳನ್ನು ಕಲ್ಲಿನಲ್ಲಿ ಮೂಡಿಸಿದರು. ತಲೆಯ ಮೇಲಿದ್ದದ್ದು ಕಾಲ ಕೆಳಗೆ ಬಂದಿರುವುದೇ ಆ ಕೃತಿಯ ಮಾತು. ಚೌಕಕ್ಕೆ ಕಾರ್ಲೆಬಾಖ್ ಅವರ ಹೆಸರಿಟ್ಟರು. 2019ರಲ್ಲಿ ಜರ್ಮನಿಯದೇ ಹಾಲೆ ನಗರದ ಸಿನಗಾಗ್ ಮೇಲೆ ದಾಳಿಯಾದ ನಂತರ ಮಂದಿರವನ್ನು ಮತ್ತೆ ಕಟ್ಟಬೇಕೆಂಬ ಕೂಗು ಬಲವಾಯಿತು. ಒಂದು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. 2020ರಲ್ಲಿ ಜರ್ಮನಿಯ ಸಂಸತ್ತು 6.5 ಕೋಟಿ ಯೂರೋ ಮಂಜೂರು ಮಾಡಿತು. ಕೆಲವು ಇತಿಹಾಸಕಾರರು ಮತ್ತೆ ಕಟ್ಟುವುದನ್ನು ಒಪ್ಪಲಿಲ್ಲ. ಅವರಲ್ಲಿ ಯಹೂದಿ ಚರಿತ್ರೆಯ ವಿದ್ವಾಂಸರೂ ಇದ್ದುದರಿಂದ ಆ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಖಾಲಿ ಜಾಗವೇ ಅಪರಾಧಕ್ಕೆ ಸಾಕ್ಷಿ, ಅಲ್ಲಿ ಹಳೆಯ ಗುಮ್ಮಟವನ್ನೇ ನಿಲ್ಲಿಸಿದರೆ ಏನೂ ನಡೆದೇ ಇಲ್ಲವೆನಿಸುತ್ತದೆ ಎಂಬುದು ಅವರ ವಾದ. ಹಳೆಯದರ ಪಡಿಯಚ್ಚು ಕಟ್ಟುವುದಾದರೆ ಈ ಆಕ್ಷೇಪ ಸರಿಯೇ. ಮತ್ತೆ ಕಟ್ಟಲೇಬಾರದು ಎಂಬಲ್ಲಿಗೆ ಅದನ್ನು ಎಳೆದರೆ ಮಾತ್ರ ತಪ್ಪುತ್ತದೆ. ಆ ಬಯಲನ್ನು ಮಾಡಿದವರು ನಾಜಿಗಳು. ಅದನ್ನು ಬಯಲಾಗಿಯೇ ಕಾಯುವ ಭಾರವನ್ನು ಯಹೂದಿಗಳ ಮೇಲೆ ಹೊರಿಸುವುದು ಯಾವ ನ್ಯಾಯ? ಪಕ್ಕದ ತಾಲ್ಮುಡ್ ತೋರಾ ಎಂಬ ಯಹೂದಿ ಶಾಲೆಯ ಕಟ್ಟಡ ಸಮುದಾಯದ ಕೈಗೆ ಮರಳಿ, 2007ರಿಂದ ಅಲ್ಲಿ ಮತ್ತೆ ಪಾಠ ನಡೆಯುತ್ತಿದೆ. ಮಕ್ಕಳು ಓದುವಲ್ಲಿ ಹಿರಿಯರು ಪ್ರಾರ್ಥಿಸಲು ಬಯಸಿದರೆ ಇತಿಹಾಸಕ್ಕೆ ಧಕ್ಕೆಯೇನಿಲ್ಲ.

ಜನರ ತೆರಿಗೆ ಹಣ ಏಕೆ ಎನ್ನುವವರೂ ಇದ್ದಾರೆ. ಕೆಡವಿದ ಖರ್ಚು ವಸೂಲಾದ ರೀತಿ ನೆನೆದರೆ ಇದನ್ನು ದಾನವೆನ್ನಲು ನಾಲಿಗೆ ಬರದು, ಇದು ತಡವಾಗಿ ತೀರುತ್ತಿರುವ ಸಾಲ. ಆದರೆ ಕಾಲ್ ಅವರ ಕಲ್ಲಿನ ಗೆರೆಗಳನ್ನು ಉಗ್ರಾಣಕ್ಕೆ ತಳ್ಳಕೂಡದು. ಹೊಸ ಮಂದಿರಕ್ಕೆ ಬರುವವರ ಕಣ್ಣಿಗೆ ಬೀಳುವಲ್ಲೇ ಅವು ಉಳಿಯಬೇಕು.