ಲಕೋಟೆ ಕಂಡು ಗುಟ್ಟೆಂದವರು

ಟೆಲಿಗ್ರಾಫ್ ಮೂಲಕ ಕಳುಹಿಸಿದ ಸಂದೇಶಕ್ಕೆ, ಅಂದರೆ ಜನ ‘ತಂತಿ’ ಎಂದು ಕರೆಯುತ್ತಿದ್ದ ಟೆಲಿಗ್ರಾಮಿಗೆ, ಹತ್ತೊಂಬತ್ತನೆಯ ಶತಮಾನದ ಕಾನೂನು ಮುಚ್ಚಿದ ಪತ್ರಕ್ಕೆ ಕೊಟ್ಟಷ್ಟೇ ರಕ್ಷಣೆ ಕೊಟ್ಟಿತ್ತು ಎಂಬ ಮಾತು ಸಂಪರ್ಕ ಸಾಧನಗಳ ಇತಿಹಾಸ ಹೇಳುವ ಬರಹಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಅದರ ಬೆನ್ನಿಗೇ ಒಂದು ನಿಟ್ಟುಸಿರೂ ಬರುತ್ತದೆ: ಆಗಿನ ಸರ್ಕಾರಗಳು ಪ್ರಜೆಗಳ ಖಾಸಗಿ ಮಾತಿಗೆ ಕೈಹಾಕುತ್ತಿರಲಿಲ್ಲ, ಕದ್ದಾಲಿಕೆಯ ಪಿಡುಗು ಟೆಲಿಫೋನಿನೊಡನೆ ಹುಟ್ಟಿ ಮೊಬೈಲಿನೊಡನೆ ಬಲಿಯಿತು ಎಂಬುದು. ಒಬ್ಬರು ಬರೆದದ್ದನ್ನು ಹತ್ತು ಜನ ಎತ್ತಿ ಬರೆದಿದ್ದಾರೆಯೇ ಹೊರತು, ಕಾಯ್ದೆಯ ಪುಸ್ತಕವನ್ನೊಮ್ಮೆ ತೆರೆದು ನೋಡುವ ಶ್ರಮವನ್ನು ಹೆಚ್ಚಿನವರು ತೆಗೆದುಕೊಂಡಂತೆ ತೋರುವುದಿಲ್ಲ.

ಈ ನಂಬಿಕೆಯ ತಾಯಿಬೇರು ಬಹುಶಃ ಲಕೋಟೆ. ಮನೆಬಾಗಿಲಿಗೆ ತಂತಿ ಮುಚ್ಚಿದ ಲಕೋಟೆಯಲ್ಲಿ ಬರುತ್ತಿದ್ದುದರಿಂದ, ಅದು ಹೊರಟಾಗಲೂ ಹಾಗೆಯೇ ಮುಚ್ಚಿಕೊಂಡು ಹೊರಟಿತ್ತೆಂಬ ಊಹೆ ಬೆಳೆದಿದೆ. ನಡೆಯುತ್ತಿದ್ದುದು ಬೇರೆ. ಫಾರಂ ಮೇಲೆ ಬರೆದುಕೊಟ್ಟ ಒಕ್ಕಣೆಯನ್ನು ಗುಮಾಸ್ತ ಓದಿ, ಪದಗಳನ್ನು ಒಂದೊಂದಾಗಿ ಎಣಿಸಿ ದುಡ್ಡು ಪಡೆಯುತ್ತಿದ್ದ. ಆಪರೇಟರು ಅದನ್ನು ಮೋರ್ಸ್ ಸಂಕೇತದಲ್ಲಿ, ಅಂದರೆ ಗಿಡ್ಡ ಮತ್ತು ಉದ್ದ ಮಿಡಿತಗಳ ಲಿಪಿಯಲ್ಲಿ, ಕುಟ್ಟುತ್ತಿದ್ದ. ದಾರಿಯ ಕಚೇರಿಗಳಲ್ಲಿ ಸಂದೇಶವನ್ನು ಬರೆದುಕೊಂಡು ಮುಂದಿನ ತಂತಿಗೆ ಮತ್ತೆ ಕುಟ್ಟಬೇಕಾದಾಗ ಅಲ್ಲಿಯವರೂ ಓದುತ್ತಿದ್ದರು. ಕೊನೆಯ ಕಚೇರಿಯಲ್ಲಿ ಅದನ್ನು ಬರೆದುಕೊಂಡು, ಲಕೋಟೆಗೆ ಹಾಕಿ, ಅಂಟಿಸಿ ಪೇದೆಯ ಕೈಗೆ ಕೊಡುತ್ತಿದ್ದರು. ಇಷ್ಟು ಕಣ್ಣು ಹಾಯ್ದ ಮೇಲೆ ಅಂಟಿಸಿದ ಲಕೋಟೆ ಗುಟ್ಟು ಕಾಯುತ್ತಿದ್ದುದು ಪೇದೆಯೊಬ್ಬನಿಂದ. ಭಾರತದ ಹಳ್ಳಿಗಳಲ್ಲಿ ಆ ಭಾಗ್ಯವೂ ಇರಲಿಲ್ಲ. ಇಂಗ್ಲಿಷಿನಲ್ಲಿ ಬಂದ ತಂತಿಯನ್ನು ಓದಿಸಿಕೊಳ್ಳಲು ಇಂಗ್ಲಿಷ್ ಬಲ್ಲವರ ಮನೆ ಹುಡುಕಿಕೊಂಡು ಹೋಗಬೇಕಿತ್ತು. ಕಾನೂನಿನ ದೃಷ್ಟಿಯಿಂದ ಇದೆಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ: ಅಂಚೆಯ ಪತ್ರ ಕಚೇರಿಯಲ್ಲಿ ನಕಲನ್ನು ಬಿಟ್ಟುಹೋಗುವುದಿಲ್ಲ, ಆದರೆ ತಂತಿಯ ಮೂಲ ಫಾರಂ ಕಚೇರಿಯ ಕಡತದಲ್ಲಿ ಉಳಿಯುತ್ತಿತ್ತು.

ಗೋಪ್ಯತೆಯ ಕಾನೂನು ಇರಲಿಲ್ಲವೆಂದಲ್ಲ. ಬ್ರಿಟನ್ನಿನ 1868ರ ಟೆಲಿಗ್ರಾಫ್ ಕಾಯ್ದೆಯ 20ನೇ ಕಲಂ ಸಂದೇಶದ ಒಳಗನ್ನು ಹೊರಗೆಡಹುವ ನೌಕರನನ್ನು ಅಪರಾಧಿಯೆಂದಿತು. ಭಾರತದ 1885ರ ಟೆಲಿಗ್ರಾಫ್ ಕಾಯ್ದೆಯ 26ನೇ ಕಲಂ ಅಂಥವನಿಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಿತು. ಮೇಲಿನ ನಂಬಿಕೆಯನ್ನು ಸಮರ್ಥಿಸುವವರು ಈ ಕಲಮುಗಳನ್ನೇ ಎತ್ತಿ ತೋರಿಸುತ್ತಾರೆ, ಆದರೆ ಪೂರ್ತಿ ಓದುವುದಿಲ್ಲ. ಸರ್ಕಾರದ ಅಥವಾ ಅದು ಅಧಿಕಾರ ಕೊಟ್ಟ ಅಧಿಕಾರಿಯ ಆದೇಶವಿಲ್ಲದೆ ಸಂದೇಶವನ್ನು ತಡೆದರೆ ಶಿಕ್ಷೆ, ಕರ್ತವ್ಯಕ್ಕೆ ಹೊರತಾಗಿ ಅಥವಾ ನ್ಯಾಯಾಲಯದ ಅಪ್ಪಣೆಯಿಲ್ಲದೆ ಬಯಲು ಮಾಡಿದರೆ ಶಿಕ್ಷೆ ಎನ್ನುವ 26ನೇ ಕಲಂ, ಆದೇಶವೋ ಅಪ್ಪಣೆಯೋ ಇದ್ದಾಗ ಅದೇ ಕೆಲಸ ತಪ್ಪಲ್ಲವೆಂಬುದನ್ನು ತನ್ನ ವಾಕ್ಯದೊಳಗೇ ಹೇಳಿಬಿಡುತ್ತದೆ. ಅದು ಬೀಗ ಹಾಕಿದ್ದು ಗುಮಾಸ್ತನ ಬಾಯಿಗೆ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ವಿಷಯ ಬಹಿರಂಗ ಜಗಳವೇ ಆಗಿದ್ದರಿಂದ, ಅಲ್ಲಿಯ ದಾಖಲೆ ಇನ್ನೂ ಸ್ಪಷ್ಟವಾಗಿದೆ. ಅಲ್ಲಿ ಅಂಚೆ ಸರ್ಕಾರದ್ದು, ತಂತಿ ಖಾಸಗಿ ಕಂಪನಿಗಳದು. 1861ರ ಮೇ ತಿಂಗಳಲ್ಲಿ, ಅಂತರ್ಯುದ್ಧ ಶುರುವಾದ ಕೆಲವೇ ವಾರಗಳಲ್ಲಿ, ಒಕ್ಕೂಟ ಸರ್ಕಾರದ ಅಧಿಕಾರಿಗಳು ಉತ್ತರದ ನಗರಗಳ ತಂತಿ ಕಚೇರಿಗಳಿಗೆ ಒಂದೇ ದಿನ ಹೊಕ್ಕು, ಕಡತದಲ್ಲಿದ್ದ ಸಂದೇಶಗಳ ಪ್ರತಿಗಳನ್ನು ವಶಪಡಿಸಿಕೊಂಡರು. ಅದು ಯುದ್ಧಕಾಲವೆಂದು ಬದಿಗಿಟ್ಟರೂ 1876ರ ಅಧ್ಯಕ್ಷ ಚುನಾವಣೆಯನ್ನು ಹಾಗೆ ಬದಿಗಿಡಲಾಗದು. ಹೇಸ್ ಮತ್ತು ಟಿಲ್ಡನ್ ನಡುವಣ ಆ ಚುನಾವಣೆಯ ಫಲಿತಾಂಶ ವಿವಾದಕ್ಕೆ ಸಿಕ್ಕಾಗ ಸಂಸತ್ತಿನ ಸಮಿತಿಗಳು ವೆಸ್ಟರ್ನ್ ಯೂನಿಯನ್ ಕಂಪನಿಯಿಂದ ರಾಜಕಾರಣಿಗಳ ತಂತಿಗಳನ್ನು ಕೇಳಿದವು. ಕಂಪನಿಯ ಅಧ್ಯಕ್ಷ ವಿಲಿಯಂ ಆರ್ಟನ್ ಮೊದಲು ಒಪ್ಪಲಿಲ್ಲ. ಒಪ್ಪಿಸಲು ನಿರಾಕರಿಸಿದ ನ್ಯೂ ಆರ್ಲಿಯನ್ಸ್ ಕಚೇರಿಯ ವ್ಯವಸ್ಥಾಪಕನ ಮೇಲೆ ಕೆಳಮನೆ ನಿಂದನೆಯ ಆರೋಪ ಹೊರಿಸಿತು. ಕೊನೆಗೆ ಸುಮಾರು 30,000 ಸಂದೇಶಗಳು ಸಮಿತಿಗಳ ಕೈಸೇರಿದವು. ಅವು ಹಿಂದಿರುಗಿದ ಮೇಲೆ ಕಂಪನಿ ಸುಟ್ಟುಹಾಕಿತಾದರೂ, ಕೆಲವು ನೂರು ಅಷ್ಟರಲ್ಲಿ ಬೇರೆಯವರ ಪಾಲಾಗಿದ್ದವು. 1878ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆ ಅವುಗಳ ಗೂಢಲಿಪಿಯನ್ನು ಬಿಡಿಸಿ, ಮತ ಎಣಿಕೆಯ ಅಧಿಕಾರಿಗಳನ್ನು ಹಣಕ್ಕೆ ಕೊಳ್ಳುವ ಮಾತುಕತೆಯನ್ನು ಅಚ್ಚುಮಾಡಿತು. ಸಂದೇಶ ಕಳುಹಿಸಿದ ರಾಜಕಾರಣಿಗಳಿಗೆ ಕಾನೂನಿನ ರಕ್ಷಣೆಯಲ್ಲಿ ಅಷ್ಟು ವಿಶ್ವಾಸವಿದ್ದಿದ್ದರೆ ಗೂಢಲಿಪಿಯ ತಾಪತ್ರಯವೇಕೆ ಬೇಕಿತ್ತೆಂದು ಈ ನಂಬಿಕೆಯವರು ಕೇಳಿಕೊಂಡಿಲ್ಲ.

ಅದೇ 1878ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ‘ಎಕ್ಸ್ ಪಾರ್ಟೆ ಜಾಕ್ಸನ್’ ಮೊಕದ್ದಮೆಯಲ್ಲಿ, ಅಂಚೆಯಲ್ಲಿರುವ ಮುಚ್ಚಿದ ಪತ್ರವನ್ನು ವಾರಂಟ್ ಇಲ್ಲದೆ, ಅಂದರೆ ನ್ಯಾಯಾಧೀಶರ ಲಿಖಿತ ಅಪ್ಪಣೆಯಿಲ್ಲದೆ, ತೆರೆಯುವಂತಿಲ್ಲವೆಂದಿತು. ಆ ತೀರ್ಪು ಪತ್ರದ ವಿಷಯದ್ದು, ತಂತಿಯದಲ್ಲ. ಅದಕ್ಕೆ ಮುಂಚೆ, 1870ರಲ್ಲಿ, ಮೇನ್ ರಾಜ್ಯದ ನ್ಯಾಯಾಲಯ ತಂತಿ ಸಂದೇಶಗಳಿಗೆ ಸಾಕ್ಷ್ಯದಿಂದ ತಪ್ಪಿಸಿಕೊಳ್ಳುವ ವಿಶೇಷ ಹಕ್ಕಿಲ್ಲವೆಂದು ಹೇಳಿಯಾಗಿತ್ತು. ಮಿಶಿಗನ್ನಿನ ನ್ಯಾಯಮೂರ್ತಿ ಥಾಮಸ್ ಕೂಲಿ 1879ರಲ್ಲಿ ಬರೆದ ಲೇಖನವೊಂದು ತಂತಿಗೂ ಪತ್ರದ ರಕ್ಷಣೆಯೇ ಸಲ್ಲಬೇಕೆಂದು ವಾದಿಸಿತು. ಇಂದು ಅದನ್ನೇ ಪುರಾವೆಯಾಗಿ ಹಿಡಿಯುವವರಿದ್ದಾರೆ. ಮನೆಯಲ್ಲಿ ಅನ್ನವಿದ್ದವರು ಅನ್ನ ಬೇಕೆಂದು ಅರ್ಜಿ ಬರೆಯುವುದಿಲ್ಲ. ಕೂಲಿಯ ವಾದಕ್ಕೆ ಅಲ್ಪ ಫಲ ಸಿಕ್ಕಿದ್ದು 1880ರಲ್ಲಿ: ತಂತಿಗಳನ್ನು ರಾಶಿರಾಶಿಯಾಗಿ ಕೇಳುವಂತಿಲ್ಲ, ಯಾವ ಸಂದೇಶ ಬೇಕೆಂಬುದನ್ನು ತಕ್ಕಮಟ್ಟಿಗೆ ಖಚಿತವಾಗಿ ಹೆಸರಿಸಬೇಕು ಎಂದು ಮಿಸೌರಿಯ ಸುಪ್ರೀಂ ಕೋರ್ಟ್ ಹೇಳಿತು. ಹೆಸರಿಸಿ ಕೇಳಿದರೆ ಕೊಡಲೇಬೇಕಿತ್ತು. ಟೆಲಿಫೋನ್ ಕದ್ದಾಲಿಕೆಯ ಕುರಿತ 1928ರ ಓಮ್‌ಸ್ಟೆಡ್ ತೀರ್ಪಿನಲ್ಲೂ ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಟಾಫ್ಟ್, ಮುಚ್ಚಿದ ಪತ್ರದ ಬಗ್ಗೆ ಸರ್ಕಾರ ವಹಿಸುವ ಕಾಳಜಿ ತಂತಿ ಮತ್ತು ಟೆಲಿಫೋನ್ ಸಂದೇಶಗಳಿಗೆ ಇಲ್ಲವೆಂಬುದನ್ನು ಆಧಾರವಾಗಿಯೇ ಬಳಸಿಕೊಂಡರು.

ಯುರೋಪಿನ ವಿಷಯವನ್ನು ಬೇಗ ಮುಗಿಸಬಹುದು. 1865ರ ಮೇ 17ರಂದು ಪ್ಯಾರಿಸಿನಲ್ಲಿ 20 ದೇಶಗಳು ಸಹಿ ಮಾಡಿದ ಅಂತರರಾಷ್ಟ್ರೀಯ ಒಪ್ಪಂದ ಸಂದೇಶಗಳ ಗೋಪ್ಯತೆಯನ್ನು ಕಾಯುವ ಮಾತುಕೊಟ್ಟಿತು, ಮತ್ತು ರಾಜ್ಯದ ಭದ್ರತೆಗೋ ಸಾರ್ವಜನಿಕ ಶಾಂತಿಗೋ ನೀತಿಗೋ ವಿರುದ್ಧವೆಂದು ಕಂಡ ಖಾಸಗಿ ತಂತಿಯನ್ನು ತಡೆಯುವ ಹಕ್ಕನ್ನು ಪ್ರತಿ ಸರ್ಕಾರಕ್ಕೂ ಉಳಿಸಿತು. ತಡೆಯಬೇಕೆಂದರೆ ಮೊದಲು ಓದಬೇಕು ಎಂಬುದನ್ನು ಒಪ್ಪಂದ ಬಿಡಿಸಿ ಹೇಳಲಿಲ್ಲ.

ಇನ್ನುಳಿದ ಕಲ್ಪನೆಗಳಿಗೆ ಒಂದೆರಡು ವಾಕ್ಯ ಸಾಕು. ಕದ್ದಾಲಿಕೆ ಟೆಲಿಫೋನಿನ ಕೂಸಲ್ಲ. ತಂತಿಗೆ ಕೊಕ್ಕೆ ಹಾಕಿ ಕೇಳುವುದನ್ನು ಕ್ಯಾಲಿಫೋರ್ನಿಯಾ 1862ರಲ್ಲೇ ನಿಷೇಧಿಸಿತ್ತು, ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ತಂತಿಯ ಸಂಕೇತ ಪದಗಳೆಲ್ಲ ಗೂಢಚಾರರವಲ್ಲ. ವರ್ತಕರು ಅವನ್ನು ಬಳಸುತ್ತಿದ್ದುದು ಬಹುಮಟ್ಟಿಗೆ ಪದಕ್ಕಿಷ್ಟೆಂದು ತೆರಬೇಕಾದ ದರವನ್ನು ಉಳಿಸಲು. ಭಾರತದ 1885ರ ಕಾಯ್ದೆ ಕಾಂಗ್ರೆಸ್ಸಿಗೆ ಹೆದರಿ ಹುಟ್ಟಿದ್ದೆಂಬುದಂತೂ ಪಂಚಾಂಗ ನೋಡದವರ ಮಾತು, ಏಕೆಂದರೆ ಕಾಯ್ದೆ ಅಕ್ಟೋಬರ್ 1ರಂದು ಜಾರಿಗೆ ಬಂತು, ಕಾಂಗ್ರೆಸ್ ಮೊದಲು ಸೇರಿದ್ದು ಡಿಸೆಂಬರ್ 28ರಂದು.

ಹಳೆಯದೆಲ್ಲ ಹೆಚ್ಚು ಮರ್ಯಾದಸ್ತವಾಗಿತ್ತೆಂದು ಒಪ್ಪಿಕೊಳ್ಳಲು ಓದುಗರಿಗೆ ಇರುವ ಆತುರವನ್ನು ಕಂಡರೆ, ತಪ್ಪು ಬರೆದವರಿಗಿಂತ ಅದನ್ನು ನಂಬಿದವರ ಮೇಲೆಯೇ ಹೆಚ್ಚು ಬೇಸರ ಬರುತ್ತದೆ. 26ನೇ ಕಲಮನ್ನು ಹೊಗಳುವವರು ಅದೇ ಕಾಯ್ದೆಯ 5ನೇ ಕಲಮಿಗೆ ಕೆಲವು ಪುಟ ಹಿಂದಕ್ಕೆ ತಿರುಗಿಸಿದ್ದರೂ ಸಾಕಿತ್ತು. ಸಾರ್ವಜನಿಕ ತುರ್ತು ಒದಗಿದಾಗ ಅಥವಾ ಸಾರ್ವಜನಿಕ ಸುರಕ್ಷತೆಯ ಹಿತಕ್ಕಾಗಿ ಯಾವುದೇ ಸಂದೇಶವನ್ನು ತಡೆದು ತನಗೆ ಒಪ್ಪಿಸುವಂತೆ ಆಜ್ಞಾಪಿಸುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತು. ತುರ್ತು ನಿಜವಾಗಿ ಇದೆಯೇ ಎಂಬ ಸಂದೇಹ ಬಂದರೆ ಸರ್ಕಾರದ ಕಾರ್ಯದರ್ಶಿ ಸಹಿ ಮಾಡಿದ ಪ್ರಮಾಣಪತ್ರವೇ ಅಂತಿಮ ರುಜುವಾತೆಂದು ಮೂಲ ಕಾಯ್ದೆ ಸಾರಿತ್ತು. 1972ರ ತಿದ್ದುಪಡಿ ಆ ಅಧಿಕಾರಕ್ಕೆ ನಿರ್ದಿಷ್ಟ ಕಾರಣಗಳ ಬೇಲಿ ಹಾಕಿತು, 1996ರಲ್ಲಿ ಸುಪ್ರೀಂ ಕೋರ್ಟ್ ಕಾರ್ಯವಿಧಾನದ ಕಟ್ಟುಪಾಡುಗಳನ್ನು ಸೇರಿಸಿತು. 2013ರ ಜುಲೈನಲ್ಲಿ ಭಾರತದ ತಂತಿ ಸೇವೆ ನಿಂತ ಮೇಲೂ 5ನೇ ಕಲಂ ಮೊಬೈಲು ಫೋನುಗಳ ಮೇಲೆ ದುಡಿಯುತ್ತಲೇ ಇತ್ತು, ಮತ್ತು 2023ರ ದೂರಸಂಪರ್ಕ ಕಾಯ್ದೆಯ 20ನೇ ಕಲಮಿನಲ್ಲಿ ‘ಸಾರ್ವಜನಿಕ ತುರ್ತು’, ‘ಸಾರ್ವಜನಿಕ ಸುರಕ್ಷತೆ’ ಎಂಬ ಅವೇ ಎರಡು ನುಡಿಗಳು ಮತ್ತೆ ಬಂದು ಕುಳಿತಿವೆ.